ಒಂದು ಕಾಲುಚೀಲ ಮುಗಿದಿದೆ, ಜೋಡಿಗೆ ಮನಸ್ಸಿಲ್ಲ

ಪ್ರಶ್ನೆ: ಮೇಡಂ, ಎರಡು ವರ್ಷದ ಹಿಂದೆ ವಿಡಿಯೊ ನೋಡಿ ತಕಲಿಯಲ್ಲಿ ಉಣ್ಣೆ ನೂಲುವುದನ್ನು ಕಲಿತೆ. ಹೆಣಿಗೆ ಅದಕ್ಕೂ ಮೊದಲೇ ಬರುತ್ತಿತ್ತು. ನನ್ನ ಸುತ್ತಮುತ್ತ ಇದನ್ನು ಮಾಡುವವರು ಒಬ್ಬರೂ ಇಲ್ಲ. ಮನೆಯವರು, "ಅಂಗಡಿಯಲ್ಲಿ ಸಿಗೋದನ್ನ ಯಾಕೆ ಕಷ್ಟಪಟ್ಟು ಮಾಡ್ತೀಯ" ಅನ್ನುತ್ತಾರೆ. ಆನ್‌ಲೈನ್‌ನಲ್ಲಿ ಒಂದು ದೊಡ್ಡ ಗುಂಪು ಸೇರಿದೆ. ಅಲ್ಲಿನ ಫೋಟೊಗಳನ್ನು ನೋಡಿ ಇದ್ದ ಹುಮ್ಮಸ್ಸೂ ಹೋಯಿತು. ನಾನು ಹಾಕಿದ ಫೋಟೊಗೆ ಮೂರು ಲೈಕ್ ಬಂತು, ಒಬ್ಬರೂ ಮಾತಾಡಲಿಲ್ಲ. ಈಗ ನಾಲ್ಕು ತಿಂಗಳಿಂದ ತಕಲಿ ಮುಟ್ಟಿಲ್ಲ. ಒಂದು ಕಾಲುಚೀಲ ಮುಗಿದಿದೆ, ಅದರ ಜೋಡಿ ಶುರುವೇ ಆಗಿಲ್ಲ. ಜೊತೆ ಎಲ್ಲಿ ಹುಡುಕಲಿ? ಹುಮ್ಮಸ್ಸು ವಾಪಸ್ ಬರುತ್ತದಾ? ಇನ್ನೊಂದು ವಿಷಯ, ನಾನು ನೂತ ಮೊದಲ ಲಡಿ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಗಂಟುಗಂಟಾಗಿದೆ. ಎಸೆದುಬಿಡಲಾ?

ಉತ್ತರ: ಎಷ್ಟು ಲೈಕ್ ಬಂತು ಅಂತ ಎಣಿಸಿ ಬರೆದಿದ್ದೀರಿ. ನಾನೂ ಎಣಿಸಿದವಳೇ. ನನ್ನ ಮೊದಲ ಶಾಲಿಗೆ ಬಂದದ್ದು ಐದು, ಅದರಲ್ಲಿ ಒಂದು ನನ್ನ ತಂಗಿಯದು. ಹಾಗಾಗಿ ಇದು ಸಣ್ಣ ವಿಷಯ, ತಲೆಗೆ ಹಚ್ಚಿಕೊಳ್ಳಬೇಡಿ ಅಂತ ಹೇಳುವುದಿಲ್ಲ. ಆದರೆ ನೀವು ಹುಡುಕಿದ ಜಾಗದಲ್ಲಿ ನಿಮಗೆ ಬೇಕಾದದ್ದು ಇರಲೇ ಇಲ್ಲ.

ನಿಮಗೆ ಬೇಕಾಗಿದ್ದದ್ದು ಜೊತೆ. ನೀವು ಹೋಗಿ ನಿಂತದ್ದು ವಸ್ತುಪ್ರದರ್ಶನದಲ್ಲಿ. ಸಾವಿರಾರು ಜನ ಇರುವ ಗುಂಪಿನಲ್ಲಿ ಎಲ್ಲರೂ ಮುಗಿದದ್ದನ್ನು ತಂದಿಟ್ಟು ಹೋಗುತ್ತಾರೆ. ಆ ಶಾಲನ್ನು ಮೂರು ಸಲ ಬಿಚ್ಚಿದ್ದು, ನಡುವೆ ಆರು ತಿಂಗಳು ಚೀಲದೊಳಗೆ ತುರುಕಿಟ್ಟದ್ದು ಫೋಟೊದಲ್ಲಿ ಕಾಣುವುದಿಲ್ಲ. ನೀವು ನಿಮ್ಮ ಅರ್ಧ ಕೆಲಸವನ್ನು ಅವರ ಪೂರ್ತಿ ಕೆಲಸದ ಪಕ್ಕ ಇಟ್ಟು ನೋಡಿದಿರಿ. ಸೋಲದೆ ಇನ್ನೇನಾಗುತ್ತದೆ?

ನೂಲುವುದು, ಹೆಣೆಯುವುದು ಎರಡೂ ಒಂದು ರೀತಿ ವಿಚಿತ್ರ ಕೆಲಸ. ಕೈಗೆ ಪೂರ್ತಿ ಕೆಲಸ, ಬಾಯಿಗೂ ಕಿವಿಗೂ ರಜೆ. ಲೆಕ್ಕ ಬರೆಯುವವರಿಗೆ ಪಕ್ಕದಲ್ಲಿ ಯಾರಾದರೂ ಮಾತಾಡಿದರೆ ತಪ್ಪಾಗುತ್ತದೆ. ನಮ್ಮ ಕೈ ಮಾತ್ರ ಮಾತು ನಡೆಯುತ್ತಿದ್ದರೇ ಸಲೀಸಾಗಿ ಓಡುತ್ತದೆ. ಒಬ್ಬಳೇ ಕೂತು ನೂಲುವಾಗ ಎಳೆ ಬಿಗಿಯಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮಾತಾಡುತ್ತಾ ನೂತದ್ದು ಹಗುರವಾಗಿ ಬಂದಿರುತ್ತದೆ. ಇಂಥ ಕೆಲಸಕ್ಕೆ ನೋಡಿ ಹೋಗುವ ಜನ ಸಾಲುವುದಿಲ್ಲ. ಹತ್ತಿರ ಕೂರುವ ಜನ ಬೇಕು. ಆನ್‌ಲೈನ್‌ನಲ್ಲಿ ಅಂಥವರು ಸಿಗುತ್ತಾರಾ ಅಂತ ಕೇಳಿದರೆ, ಸಿಗುತ್ತಾರೆ. ಆದರೆ ದೊಡ್ಡ ಗುಂಪು ಅವರ ಪರಿಚಯ ಆಗುವ ಜಾಗ ಅಷ್ಟೇ. ಅಲ್ಲೇ ಬೀಡು ಬಿಡಬೇಡಿ.

ನಮ್ಮದು ಆರು ಜನರ ಗುಂಪು. ವಾರಕ್ಕೆ ಒಂದು ದಿನ, ಮುಕ್ಕಾಲು ಗಂಟೆ, ವಿಡಿಯೊ ಕರೆ. ಕ್ಯಾಮೆರಾ ಮುಖದ ಕಡೆ ಇರುವುದಿಲ್ಲ, ಕೈ ಕಾಣುವ ಹಾಗೆ ಕೆಳಕ್ಕೆ ಬಗ್ಗಿಸಿ ಇಟ್ಟಿರುತ್ತೇವೆ. ತಲೆ ಬಾಚಿಲ್ಲ ಅನ್ನುವ ನೆಪ ಯಾರಿಗೂ ಉಳಿಯಬಾರದು ನೋಡಿ, ಅದಕ್ಕೆ. ಒಬ್ಬರು ರಾಟೆ ತುಳಿಯುತ್ತಿರುತ್ತಾರೆ, ಇನ್ನೊಬ್ಬರು ಉಣ್ಣೆ ಹಿಂಜುತ್ತಿರುತ್ತಾರೆ, ಮತ್ತೊಬ್ಬರು ಒಂದೇ ಮಫ್ಲರನ್ನು ವರ್ಷದಿಂದ ಹೆಣೆಯುತ್ತಿದ್ದಾರೆ. ಯಾರದೋ ಎಳೆ ತುಂಡಾಗಿ ತಕಲಿ ನೆಲಕ್ಕೆ ಬೀಳುತ್ತದೆ, ಟಕ್. ಉಳಿದ ಐದು ಜನ ಒಟ್ಟಿಗೆ "ಅಯ್ಯೋ" ಅನ್ನುತ್ತೇವೆ. ಹತ್ತು ನಿಮಿಷ ಯಾರೂ ಮಾತಾಡದೆ ಕೂತದ್ದೂ ಉಂಟು. ಶುರುವಿನಲ್ಲಿ ಒಂದೇ ಪ್ರಶ್ನೆ: ಕಳೆದ ವಾರದಿಂದ ಏನು ಮುಂದೆ ಹೋಯಿತು? "ಏನೂ ಇಲ್ಲ" ಅನ್ನುವುದೂ ಉತ್ತರವೇ. ಅದಕ್ಕೆ ಯಾರೂ ಸಮಾಧಾನ ಹೇಳುವುದಿಲ್ಲ, ಬುದ್ಧಿಯನ್ನೂ ಹೇಳುವುದಿಲ್ಲ.

ಒಮ್ಮೆ ನಾನು ಮೂರು ವಾರ ತಪ್ಪಿಸಿಕೊಂಡೆ. ಕಾರಣ ದೊಡ್ಡದೇನಲ್ಲ, ಸುಮ್ನೆ ಬೇಜಾರು. ನಾಲ್ಕನೇ ವಾರ ಒಬ್ಬರಿಂದ ಎರಡು ಸಾಲು ಬಂತು: "ಆ ನೀಲಿ ಎಳೆ ಏನಾಯ್ತು? ಹುರಿ ಮಾಡಿದ್ರಾ, ಇನ್ನೂ ತಕಲಿ ಮೇಲೇ ಇದೆಯಾ?" ಹೇಗಿದ್ದೀರಿ ಅಂತ ಕೇಳಿದ್ದರೆ ಚೆನ್ನಾಗಿದ್ದೇನೆ ಅಂತ ಹೇಳಿ ಮುಗಿಸುತ್ತಿದ್ದೆ. ನೀಲಿ ಎಳೆಯನ್ನು ಕೇಳಿದ್ದಕ್ಕೆ ಎದ್ದು ಹೋಗಿ ನೋಡಬೇಕಾಯಿತು. ತಕಲಿ ಮೇಲೆ ದೂಳು ಕೂತಿತ್ತು. ಅವತ್ತೇ ಹುರಿ ಮಾಡಿದೆ, ಅಂದರೆ ಎರಡು ಎಳೆ ಸೇರಿಸಿ ಹೊಸೆದೆ. ಮೂರು ಲೈಕ್ ಹಾಕಿದ ಆ ಮೂವರಿಗೆ ನಿಮ್ಮ ಎಳೆಯ ಬಣ್ಣ ಇವತ್ತು ನೆನಪಿರುತ್ತದಾ? ಹುಮ್ಮಸ್ಸು ಅಂತ ನೀವು ಕರೆಯುವ ಪದಾರ್ಥ ಹೆಚ್ಚಿನಂಶ ಇಷ್ಟೇ. ನೀವು ಏನು ಮಾಡುತ್ತಿದ್ದೀರಿ ಅನ್ನುವುದು ನೆನಪಿರುವ ಮೂರ್ನಾಲ್ಕು ಜನ.

ಸರಿ, ಅವರನ್ನು ಹುಡುಕುವುದು ಹೇಗೆ?

ಮೊದಲು ರಾವೆಲ್ರಿಯ ಬಾಗಿಲು ತಟ್ಟಿ. ಹೆಣೆಯುವವರಿಗೂ ನೂಲುವವರಿಗೂ ಅಂತ ಜೆಸಿಕಾ ಮತ್ತು ಕ್ಯಾಸಿಡಿ ಫೋರ್ಬ್ಸ್ ದಂಪತಿ 2007ರಲ್ಲಿ ಶುರು ಮಾಡಿದ ಜಾಲತಾಣ ಅದು. ಖಾತೆ ತೆರೆಯಲು ದುಡ್ಡು ಕೊಡಬೇಕಿಲ್ಲ. ಹೆಚ್ಚಿನವರು ಅದನ್ನು ವಿನ್ಯಾಸ ಹುಡುಕಲು ಮಾತ್ರ ಬಳಸುತ್ತಾರೆ. ನಿಜವಾದ ಖಜಾನೆ ಬೇರೆ ಕಡೆ ಇದೆ. ಒಂದು ವಿನ್ಯಾಸ ತೆರೆದರೆ, ಅದನ್ನು ಹೆಣೆದವರೆಲ್ಲರ ಟಿಪ್ಪಣಿ ಪುಟಗಳು ಅಲ್ಲೇ ಸಿಗುತ್ತವೆ. ಯಾವ ನೂಲು ಹಾಕಿದರು, ಎಷ್ಟನೇ ನಂಬರಿನ ಕಡ್ಡಿ, ಎಲ್ಲಿ ತಪ್ಪಿತು, ಹಿಮ್ಮಡಿ ಯಾಕೆ ಸಡಿಲವಾಯಿತು, ಎಲ್ಲ ಬರೆದಿರುತ್ತಾರೆ. ಕೈಯಲ್ಲಿ ನೂತ ನೂಲಿನಿಂದಲೇ ಹೆಣೆದವರನ್ನು ಬೇರೆಯಾಗಿ ಹುಡುಕಬಹುದು. ಕೆಲಸ ಮುಗಿಯದೆ ಮಲಗಿರುವ ಪುಟಗಳನ್ನೂ ನೋಡಬಹುದು. ನೀವು ಬಿಟ್ಟಿರುವ ಕಾಲುಚೀಲದ್ದೇ ವಿನ್ಯಾಸ ತೆಗೆದು, ಅರ್ಧದಲ್ಲಿ ನಿಲ್ಲಿಸಿದವರನ್ನು ಹುಡುಕಿ. ಒಬ್ಬರಿಗೆ ಎರಡು ಸಾಲು ಬರೆಯಿರಿ: "ನಂದೂ ಒಂದೇ ಮುಗಿದಿದೆ. ಎರಡನೆಯದನ್ನು ಒಟ್ಟಿಗೆ ಶುರು ಮಾಡೋಣವಾ?" ಹತ್ತು ಜನರಿಗೆ ಬರೆದರೆ ಇಬ್ಬರು ಉತ್ತರಿಸಬಹುದು. ಇಬ್ಬರು ಸಾಕು.

ಡಿಸ್ಕಾರ್ಡ್, ರೆಡ್ಡಿಟ್, ಇನ್‌ಸ್ಟಾಗ್ರಾಮ್ ಎಲ್ಲ ಕಡೆಯೂ ನಮ್ಮವರಿದ್ದಾರೆ. ನೂಲುವುದರ ಕಷ್ಟಗಳನ್ನು ಕೇಳಲು ರೆಡ್ಡಿಟ್ ವಾಸಿ ಅಂತ ನನ್ನ ಅನುಭವ. ಇನ್‌ಸ್ಟಾಗ್ರಾಮ್ ಬಣ್ಣ ನೋಡಲು ಚೆನ್ನ, ಮಾತಿಗೆ ಅಷ್ಟಕ್ಕಷ್ಟೆ. ಹೆಣಿಗೆಯ ವಿಡಿಯೊ ಪಾಡ್‌ಕಾಸ್ಟ್‌ಗಳೂ ಬೇಕಾದಷ್ಟಿವೆ. ಕಡ್ಡಿ ಹಿಡಿದು ಅವನ್ನು ಹಾಕಿಕೊಂಡರೆ ಮನೆ ತುಂಬಿದ ಹಾಗಿರುತ್ತದೆ. ನನಗೂ ಇಷ್ಟ. ಆದರೆ ಅವರು ನಿಮಗೆ ಗೊತ್ತು, ನೀವು ಅವರಿಗೆ ಗೊತ್ತಿಲ್ಲ. ಒಂಟಿತನಕ್ಕೆ ಅದು ಮದ್ದಲ್ಲ, ನೋವು ಮರೆಸುವ ಮಾತ್ರೆ.

ಇನ್ನು, ಗುಂಪಿನಲ್ಲಿ ಮಾತು ಶುರು ಮಾಡುವ ರೀತಿ. ಇಲ್ಲಿ ನೀವೂ ಸ್ವಲ್ಪ ಬದಲಾಗಬೇಕು. "ನನ್ನ ಹೊಸ ನೂಲು" ಅಂತ ಬರೆದು ಫೋಟೊ ಹಾಕಿದರೆ, ಓದುವವರಿಗೆ ಚೆನ್ನಾಗಿದೆ ಅನ್ನುವುದು ಬಿಟ್ಟು ಹೇಳಲು ಏನೂ ಇರುವುದಿಲ್ಲ. ಅದೇ ಮಾತನ್ನು ಹೀಗೆ ಬರೆದು ನೋಡಿ: "ಮೆರಿನೊ ಉಣ್ಣೆ, 30 ಗ್ರಾಂ ತೂಕದ ತಕಲಿ, ಎರಡೆಳೆ ಹುರಿ. ಎಳೆಗಳು ಹತ್ತು ದಿನ ಹಾಗೇ ಸುತ್ತಿಟ್ಟಿದ್ದವು. ಹುರಿ ಮಾಡಿ ಲಡಿ ತೆಗೆದರೆ ಅದು ನೇತುಹಾಕಿದಾಗ ತಾನೇ ತಿರುಚಿಕೊಳ್ಳುತ್ತಿದೆ. ಹುರಿ ಜಾಸ್ತಿಯಾಯಿತಾ?" ಇದಕ್ಕೆ ಉತ್ತರ ಬಂದೇ ಬರುತ್ತದೆ. ನೂಲುವವರಿಗೆ ಗೊತ್ತಿದ್ದದ್ದನ್ನು ಹೇಳದೆ ಇರುವುದು ಬಹಳ ಕಷ್ಟ.

ಆ ಪ್ರಶ್ನೆಗೆ ಉತ್ತರವನ್ನೂ ಹೇಳಿಬಿಡುತ್ತೇನೆ, ನಿಮಗೂ ಇದು ಎದುರಾಗುತ್ತದೆ. ಹೊಸದಾಗಿ ನೂತ ಎಳೆಯನ್ನು ಸಡಿಲ ಬಿಟ್ಟರೆ ತನ್ನ ಮೇಲೆ ತಾನೇ ಸುತ್ತಿಕೊಳ್ಳುತ್ತದೆ. ತಕಲಿ ಮೇಲೆ ಕೆಲವು ದಿನ ಕೂತರೆ ಆ ಚುರುಕು ಮಲಗುತ್ತದೆ. ತಿರುವು ಎಲ್ಲೂ ಹೋಗಿರುವುದಿಲ್ಲ, ನಿದ್ದೆ ಮಾಡುತ್ತಿರುತ್ತದೆ. ಅಂಥ ಎರಡು ಎಳೆಯನ್ನು ಉಲ್ಟಾ ದಿಕ್ಕಿಗೆ ಹೊಸೆದರೆ, ಹೊಸ ತಿರುವು ಎಚ್ಚರವಾಗಿರುತ್ತದೆ, ಹಳೆಯದು ಮಲಗಿರುತ್ತದೆ. ಹಾಗಾಗಿ ಲಡಿ ಒಂದು ಕಡೆಗೆ ತಿರುಚುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ಟವೆಲ್‌ನಲ್ಲಿ ಒತ್ತಿ, ಒಣಗಲು ನೇತುಹಾಕಿ. ಹಳೆಯ ತಿರುವು ಏಳುತ್ತದೆ, ಎರಡೂ ಎದುರುಬದುರು ಎಳೆದು ಲಡಿ ನೆಟ್ಟಗೆ ನಿಲ್ಲುತ್ತದೆ. ತೊಳೆಯುವ ಮೊದಲು ತೀರ್ಪು ಕೊಡಬಾರದು. ನನಗೆ ಇದನ್ನು ಹೇಳಿಕೊಟ್ಟದ್ದು ಪುಸ್ತಕವಲ್ಲ. ಹೆಸರು ಗೊತ್ತಿಲ್ಲದ ಯಾರೋ ಒಬ್ಬರು, ಒಂದು ಮಧ್ಯರಾತ್ರಿ. ಅವರಿಗೆ ಅದು ಬೆಳಗಿನ ಹೊತ್ತಿರಬೇಕು.

ನೀವೂ ಬೇರೆಯವರ ಪ್ರಶ್ನೆಗೆ ಉತ್ತರಿಸಿ. ನನಗೇನು ಗೊತ್ತು ಅನ್ನಬೇಡಿ. ಎರಡು ವರ್ಷ ನೂತವರಿಗೆ ಎರಡು ವಾರ ನೂತವರ ತಪ್ಪು ನಮಗಿಂತ ಚೆನ್ನಾಗಿ ಕಾಣುತ್ತದೆ. ನನಗೆ ಆ ತಪ್ಪುಗಳು ಮರೆತೇ ಹೋಗಿವೆ. ಹೊಸಬರೊಬ್ಬರು "ತಕಲಿ ಬೀಳುತ್ತಲೇ ಇದೆ" ಅಂತ ಬರೆದರೆ ನಾನು ಉಣ್ಣೆಯ ಉದ್ದ, ತಿರುವಿನ ಲೆಕ್ಕ ಅಂತ ಶುರು ಮಾಡುತ್ತೇನೆ. ನೀವಾದರೆ, "ಮೊದಲು ತಿರುಗಿಸಿ, ತಕಲಿಯನ್ನು ಮಂಡಿ ನಡುವೆ ಹಿಡಿದು ನಿಲ್ಲಿಸಿ, ಆಮೇಲೆ ಉಣ್ಣೆ ಎಳೆಯಿರಿ, ಎರಡನ್ನೂ ಒಟ್ಟಿಗೆ ಮಾಡಬೇಡಿ" ಅಂತ ನೇರ ಹೇಳುತ್ತೀರಿ. ಅವರಿಗೆ ಬೇಕಾದದ್ದು ಅದೇ. ಹೀಗೆ ನಾಲ್ಕು ಸಲ ಉತ್ತರಿಸಿದ ಮೇಲೆ ಗುಂಪಿನಲ್ಲಿ ನಿಮ್ಮ ಹೆಸರು ಗುರುತಾಗುತ್ತದೆ. ಆಮೇಲೆ ನೀವು ಹಾಕುವ ಫೋಟೊ ಅಪರಿಚಿತರದಲ್ಲ.

ಇನ್ನೊಂದು ದಾರಿ ಇದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು. ಶುರುವಿಗೂ ಕೊನೆಗೂ ತಾರೀಖು ಇರುವ ಕೂಟಕ್ಕೆ ಸೇರುವುದು. ಒಂದೇ ವಿನ್ಯಾಸವನ್ನು ಎಲ್ಲರೂ ಒಂದೇ ದಿನ ಶುರು ಮಾಡಿ ಹೆಣೆಯುವುದಕ್ಕೆ ನಿಟ್ ಅಲಾಂಗ್ ಅನ್ನುತ್ತಾರೆ, ಮೂರಕ್ಷರದಲ್ಲಿ ಕೆಎಎಲ್. ಅದರಲ್ಲಿ ಗುಟ್ಟಿನದೂ ಇದೆ. ವಿನ್ಯಾಸವನ್ನು ಕಂತು ಕಂತಾಗಿ ಬಿಡುತ್ತಾರೆ, ಕೊನೆಗೆ ಏನಾಗುತ್ತದೆ ಅಂತ ಹೆಣೆಯುವವರಿಗೇ ಗೊತ್ತಿರುವುದಿಲ್ಲ. ಧಾರಾವಾಹಿ ನೋಡಿದ ಹಾಗೆ, ವಾರವಾರ ಕಾಯುವುದು.

ನೂಲುವವರ ದೊಡ್ಡ ಹಬ್ಬ ಅಂದರೆ ಟೂರ್ ಡಿ ಫ್ಲೀಸ್. 2006ರಲ್ಲಿ ಸಣ್ಣದಾಗಿ ಶುರುವಾದದ್ದು. ಫ್ರಾನ್ಸಿನ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್ ನಡೆಯುವ ದಿನಗಳಲ್ಲೇ, ಸಾಮಾನ್ಯವಾಗಿ ಜುಲೈನಲ್ಲಿ, ಇದೂ ನಡೆಯುತ್ತದೆ. ಅವರ ಚಕ್ರ ತಿರುಗುವ ದಿನ ನಮ್ಮ ಚಕ್ರವೂ ತಿರುಗಬೇಕು, ಅಷ್ಟೇ ನಿಯಮ. ರಾಟೆ ಇಲ್ಲದವರು ತಕಲಿ ತಿರುಗಿಸಿದರೂ ಆಯಿತು. ರೇಸ್ ಸಾಮಾನ್ಯವಾಗಿ 23 ದಿನ, 21 ಹಂತ, ನಡುವೆ ಎರಡು ದಿನ ವಿಶ್ರಾಂತಿ. ಅವರು ಬೆಟ್ಟ ಹತ್ತುವ ದಿನ ನೂಲುವವರೂ ತಮಗೆ ಕಷ್ಟವಾದದ್ದನ್ನು ಕೈಗೆತ್ತಿಕೊಳ್ಳುತ್ತಾರೆ. ಕೂದಲೆಳೆಯಂಥ ನೂಲೋ, ಹಿಡಿತಕ್ಕೆ ಸಿಗದ ರೇಷ್ಮೆಯೋ. ಗುರಿಯನ್ನು ನೀವೇ ಇಟ್ಟುಕೊಳ್ಳಬೇಕು. "ದಿನಾ ಹತ್ತು ನಿಮಿಷ" ಅನ್ನುವುದೂ ಗುರಿಯೇ. ಮೊದಲ ವರ್ಷದವರಿಗೂ ಅಲ್ಲಿ ಜಾಗವಿದೆ. ರೇಸಿನಲ್ಲಿ ಎಲ್ಲರಿಗಿಂತ ಹಿಂದೆ ಬರುವ ಸವಾರನನ್ನು ಅವರು ಕೆಂಪು ದೀಪ ಅಂತ ಕರೆಯುತ್ತಾರಂತೆ, ರೈಲಿನ ಕೊನೆಯ ಬೋಗಿಗೆ ಕಟ್ಟುವ ದೀಪದ ಹೆಸರು. ಆ ಕೊನೆಯವನಿಗೂ ಜನ ಚಪ್ಪಾಳೆ ತಟ್ಟುತ್ತಾರೆ. ನಮ್ಮ ತಂಡದಲ್ಲಿ ಎರಡು ವರ್ಷ ಆ ದೀಪ ನಾನೇ.

ಒಲಿಂಪಿಕ್ಸ್ ಸಮಯದಲ್ಲಿ ಹೆಣೆಯುವವರದೂ ಒಂದು ಇದೆ. 2006ರ ಟ್ಯೂರಿನ್ ಚಳಿಗಾಲದ ಒಲಿಂಪಿಕ್ಸ್ ಹೊತ್ತಿಗೆ ಕೆನಡಾದ ಲೇಖಕಿ ಸ್ಟೆಫನಿ ಪರ್ಲ್ ಮ್ಯಾಕ್‌ಫೀ ಇದಕ್ಕೆ ನಾಂದಿ ಹಾಡಿದರು. ಉದ್ಘಾಟನೆ ಶುರುವಾದಾಗ ಮೊದಲ ಕುಣಿಕೆ ಹಾಕಬೇಕು, ಸಮಾರೋಪದೊಳಗೆ ಮುಗಿಸಬೇಕು. ಆಮೇಲೆ ಇಂಥದ್ದೇ ಕೂಟ ರಾವೆಲ್ರಿಯಲ್ಲಿ ರಾವೆಲಿಂಪಿಕ್ಸ್ ಅನ್ನುವ ಹೆಸರಲ್ಲಿ ನಡೆಯಿತು. 2012ರಲ್ಲಿ ಅಮೆರಿಕದ ಒಲಿಂಪಿಕ್ ಸಮಿತಿ ಆ ಹೆಸರಿಗೆ ತಕರಾರು ಮಾಡಿ ಪತ್ರ ಬರೆಯಿತು. ಇದು ಕ್ರೀಡಾಪಟುಗಳಿಗೆ ಅವಮಾನ ಅನ್ನುವ ಧಾಟಿ ಅದರಲ್ಲಿತ್ತು. ಹೆಣೆಯುವವರು ಸಾಧು ಜನ ಅಂತ ಅವರು ತಿಳಿದಿರಬೇಕು. ಎಷ್ಟು ಜೋರಾಗಿ ತಿರುಗಿಬಿದ್ದರು ಅಂದರೆ ಸಮಿತಿ ಕ್ಷಮೆ ಕೇಳಿತು. ಹೆಸರು ಮಾತ್ರ ರಾವೆಲೆನಿಕ್ ಗೇಮ್ಸ್ ಅಂತ ಬದಲಾಯಿತು. ನಿಮಗೆ ಇದನ್ನು ಯಾಕೆ ಹೇಳಿದೆ ಅಂದರೆ, ಅರ್ಧಕ್ಕೆ ಬಿಟ್ಟ ಹಳೆಯ ಕೆಲಸ ಮುಗಿಸುವುದಕ್ಕೇ ಅಲ್ಲಿ ಬೇರೆ ಸ್ಪರ್ಧೆ ಇದೆ. ಕುಸ್ತಿಯ ಹೆಸರಿಟ್ಟಿದ್ದಾರೆ. ಹೆಣಿಗೆಯ ಚೀಲದ ತಳದಲ್ಲಿ ಬಿದ್ದಿರುವುದರ ಜೊತೆ ಕುಸ್ತಿ ಆಡಿದವರಿಗೆ ಆ ಹೆಸರು ಎಷ್ಟು ಸರಿ ಅಂತ ಗೊತ್ತು.

ಕುರಿ ತಳಿಗಳ ಮೇಲೆ ಆಸಕ್ತಿ ಇದ್ದರೆ ಇನ್ನೊಂದು. ಅಳಿಯುತ್ತಿರುವ ತಳಿಗಳ ಉಣ್ಣೆ ಬಳಕೆಯಾಗಲಿ ಅಂತ ಅಮೆರಿಕದ ಲೈವ್‌ಸ್ಟಾಕ್ ಕನ್ಸರ್ವೆನ್ಸಿ 2019ರಲ್ಲಿ ಒಂದು ಕಾರ್ಯಕ್ರಮ ತಂದಿತು. ಸೇರಿದವರಿಗೆ ಪಾಸ್‌ಪೋರ್ಟ್ ಥರದ ಪುಸ್ತಕ ಕೊಡುತ್ತಾರೆ. ಒಂದೊಂದು ತಳಿಯ ಉಣ್ಣೆ ಬಳಸಿದ ಹಾಗೆ ಒಂದೊಂದು ಚೀಟಿ ಅಂಟಿಸುವುದು. ನೀವು ಅದಕ್ಕೇ ಸೇರಬೇಕಂತಿಲ್ಲ. ಆ ಪುಸ್ತಕದ ಉಪಾಯ ಕದ್ದುಕೊಳ್ಳಿ. ನಿಮ್ಮ ಮೂರ್ನಾಲ್ಕು ಜನ ಸೇರಿ ಒಂದೇ ಉಣ್ಣೆಯನ್ನು ತರಿಸಿ, ತಲಾ 20 ಗ್ರಾಂ ನೂತು, ನೂಲನ್ನು ಸ್ಕೇಲಿಗೆ ಸುತ್ತಿ ಅಂಗುಲಕ್ಕೆ ಎಷ್ಟು ಸುತ್ತು ಕೂರುತ್ತದೆ ಅಂತ ಎಣಿಸಿ, ಕಾರ್ಡಿಗೆ ಕಟ್ಟಿಡಿ. ಉಣ್ಣೆ ಒಂದೇ ಇದ್ದರೂ ಒಬ್ಬೊಬ್ಬರ ನೂಲು ಒಂದೊಂದು ಥರ ಬಂದಿರುತ್ತದೆ. ಯಾರದು ಸರಿ ಅನ್ನುವ ಮಾತೇ ಹುಟ್ಟುವುದಿಲ್ಲ. ಹೋಲಿಕೆಯ ಚುಚ್ಚು ತೆಗೆಯಲು ಇದಕ್ಕಿಂತ ಒಳ್ಳೆಯ ಆಟ ನನಗೆ ಕಂಡಿಲ್ಲ.

ಈಗ ಆ ಎರಡನೇ ಕಾಲುಚೀಲ. ಇದೊಂದು ಹೆಸರಾಂತ ಕಾಯಿಲೆ, ನಿಮಗೊಬ್ಬರಿಗೇ ಬಂದದ್ದಲ್ಲ. ಮೊದಲನೆಯದರಲ್ಲಿ ಕುತೂಹಲ ಇರುತ್ತದೆ, ಹಿಮ್ಮಡಿ ತಿರುಗುತ್ತದಾ, ಬೆರಳಿನ ಕಡೆ ಕೂರುತ್ತದಾ ಅಂತ. ಎರಡನೆಯದರಲ್ಲಿ ಎಲ್ಲ ಗೊತ್ತಿರುತ್ತದೆ. ಹಾಗಾಗಿ ಹುಮ್ಮಸ್ಸನ್ನು ನಂಬಿ ಕೂರಬೇಡಿ, ಲೆಕ್ಕ ಹಾಕಿ. ನಿಮ್ಮದು ಸುತ್ತಿಗೆ 64 ಕುಣಿಕೆ ಅಂದುಕೊಳ್ಳೋಣ. ಉದ್ದಕ್ಕೆ ಸುಮಾರು 130 ಸುತ್ತು. ಹಿಮ್ಮಡಿಯ ಹೆಚ್ಚುಕಡಿಮೆ ಬಿಟ್ಟರೆ 8,320 ಕುಣಿಕೆ. ನಿಮಿಷಕ್ಕೆ 25 ಹಾಕುವ ಕೈಯಾದರೆ ಐದೂವರೆ ಗಂಟೆಯ ಕೆಲಸ. ಅಷ್ಟೇ! ನಾಲ್ಕು ತಿಂಗಳಿಂದ ಎದೆ ಮೇಲೆ ಕೂತಿರುವ ಬೆಟ್ಟ ಐದೂವರೆ ಗಂಟೆ. ದಿನಕ್ಕೆ ಕಾಲು ಗಂಟೆ ಕೂತರೆ ಆರು ಸುತ್ತು. 22 ದಿನಕ್ಕೆ ಮುಗಿಯುತ್ತದೆ. ಜೊತೆಗಾರರಿಗೆ ದಿನಾ ಬರೀ ಒಂದು ಅಂಕಿ ಕಳಿಸಿ: 6, 12, 18. ಫೋಟೊ ಬೇಡ, ವಿವರಣೆ ಬೇಡ. ಒಂದು ದಿನ ಅಂಕಿ ಬದಲಾಗದಿದ್ದರೆ ಹಳೆಯದನ್ನೇ ಕಳಿಸಿ.

ಶುರು ಮಾಡುವ ಮೊದಲು ಮುಗಿದ ಕಾಲುಚೀಲವನ್ನು ಮಡಿಲಲ್ಲಿಟ್ಟು ಸುತ್ತುಗಳನ್ನು ಎಣಿಸಿ ಬರೆದಿಡಿ. ಯಾವ ಕಡ್ಡಿಯಲ್ಲಿ ಹೆಣೆದದ್ದು ಅಂತಲೂ ಖಚಿತ ಮಾಡಿಕೊಳ್ಳಿ. ನಾಲ್ಕು ತಿಂಗಳಲ್ಲಿ ಕೈಯ ಬಿಗಿ ಬದಲಾಗಿರುತ್ತದೆ. ಹತ್ತು ಸುತ್ತಾದ ಮೇಲೆ ಹಳೆಯದರ ಪಕ್ಕ ಇಟ್ಟು ನೋಡಿ, ಅಗಲ ಬೇರೆಯಾಗಿದ್ದರೆ ಕಡ್ಡಿ ಒಂದು ನಂಬರ್ ಬದಲಿಸಿ. ಮುಂದಿನ ಜೋಡಿಗೆ ಉದ್ದ ವೈರಿನ ಕಡ್ಡಿ ತೆಗೆದುಕೊಂಡು ಎರಡನ್ನೂ ಒಟ್ಟಿಗೇ ಹೆಣೆಯುವುದನ್ನು ಕಲಿಯಿರಿ. ನಿಧಾನ ಆಗುತ್ತದೆ, ಆದರೆ ಮುಗಿದಾಗ ಎರಡೂ ಮುಗಿದಿರುತ್ತವೆ.

ಗುಂಪುಗಳ ಭಾಷೆ ಮೊದಮೊದಲು ತಲೆ ತಿನ್ನುತ್ತದೆ. ಡಬ್ಲ್ಯುಐಪಿ ಅಂದರೆ ನಡೆಯುತ್ತಿರುವ ಕೆಲಸ. ಯುಎಫ್‌ಒ ಅಂದರೆ ನಿಂತುಹೋದ ಕೆಲಸ, ಹಾರುವ ತಟ್ಟೆಯ ಹೆಸರನ್ನೇ ತಮಾಷೆಗೆ ಇಟ್ಟುಕೊಂಡಿದ್ದಾರೆ. ಹೆಣೆದದ್ದನ್ನು ಸಾಲುಗಟ್ಟಲೆ ಬಿಚ್ಚುವುದಕ್ಕೆ ಫ್ರಾಗಿಂಗ್. ಕಪ್ಪೆಗೂ ಇದಕ್ಕೂ ಏನು ಸಂಬಂಧ ಅಂತ ನಾನೂ ತಲೆ ಕೆರೆದುಕೊಂಡಿದ್ದೆ. ಇಂಗ್ಲಿಷಿನಲ್ಲಿ ಕಿತ್ತುಹಾಕು ಅನ್ನುವುದಕ್ಕೆ "ರಿಪ್ ಇಟ್". ಅದನ್ನೇ ಬಿಡದೆ ಹೇಳುತ್ತಾ ಹೋದರೆ ಅವರ ಕಿವಿಗೆ ಕಪ್ಪೆ ವಟಗುಟ್ಟಿದ ಹಾಗೆ ಕೇಳುತ್ತದಂತೆ. ಒಂದೊಂದೇ ಕುಣಿಕೆ ಹಿಂದಕ್ಕೆ ಬಿಚ್ಚುವುದು ಟಿಂಕ್, ಅಂದರೆ ಇಂಗ್ಲಿಷಿನ ನಿಟ್ (knit) ಪದದ ಅಕ್ಷರಗಳನ್ನೇ ಹಿಂದುಮುಂದು ಓದಿದ್ದು (tink). ಬಿಚ್ಚುವುದಕ್ಕೇ ಇಷ್ಟು ಹೆಸರು ಇಟ್ಟುಕೊಂಡಿದ್ದಾರೆ ಅಂದಮೇಲೆ ಎಲ್ಲರೂ ಎಷ್ಟು ಬಿಚ್ಚುತ್ತಾರೆ ಅಂತ ಊಹಿಸಿ. ಆ ಚಂದದ ಫೋಟೊಗಳನ್ನು ನೋಡುವಾಗ ಈ ಪದಗಳು ನೆನಪಿರಲಿ. ಇಂಗ್ಲಿಷ್ ಕಷ್ಟ ಅನಿಸಿದರೆ ನಿಮ್ಮ ಸಣ್ಣ ಗುಂಪನ್ನು ಕನ್ನಡದಲ್ಲೇ ನಡೆಸಿ. ತಕಲಿ, ಹಂಜಿ, ಲಡಿ, ಹುರಿ, ಎಲ್ಲಕ್ಕೂ ನಮ್ಮಲ್ಲಿ ಪದ ಇದೆ, ಅಲ್ವಾ?

ಕೆಲವು ಗುಂಪುಗಳಿಂದ ಎದ್ದು ಬರಬೇಕು. ಯಾವ ಪ್ರಶ್ನೆ ಕೇಳಿದರೂ "ಇದನ್ನು ಕೊಳ್ಳಿ" ಅನ್ನುವ ಉತ್ತರವೇ ಬರುತ್ತಿದ್ದರೆ ಅದು ಅಂಗಡಿ. ಅಂಥ ಕಡೆ ಒಂದು ವರ್ಷ ಕೂತ ನನ್ನ ಬೀರುವಿನಲ್ಲಿ ಇನ್ನೂ ಮುಟ್ಟದ ಉಣ್ಣೆ ತುಂಬಿದೆ. ಕೊಂಡಾಗ ಬರುವ ಖುಷಿ ಹೆಣೆದಾಗಿನ ಖುಷಿಯ ಹಾಗೇ ಕಾಣುತ್ತದೆ, ಮೋಸ ಹೋಗಬೇಡಿ. ದುಡ್ಡು ಕೊಟ್ಟು ತೆಗೆದುಕೊಂಡ ವಿನ್ಯಾಸದ ಫೈಲನ್ನು ಗುಂಪಿನಲ್ಲಿ ಹಂಚಬೇಡಿ, ಯಾರಾದರೂ ಹಂಚಿದರೆ ತೆಗೆದುಕೊಳ್ಳಲೂ ಬೇಡಿ. ಅದು ವಿನ್ಯಾಸ ಮಾಡಿದವರ ಸಂಬಳ. ಉಣ್ಣೆ ಅದಲುಬದಲು ಮಾಡುವ ಕೂಟಗಳಿಗೆ ಪರಿಚಯ ಗಟ್ಟಿಯಾಗುವ ತನಕ ಹೋಗಬೇಡಿ. ನಾನು ಒಮ್ಮೆ 100 ಗ್ರಾಂ ಒಳ್ಳೆಯ ಉಣ್ಣೆ ಕಳಿಸಿ ಬದಲಿಗೆ ಏನೂ ಬಾರದೆ ಕೂತಿದ್ದೇನೆ. ಬೇರೆಯವರಿಂದ ಬಂದ ಉಣ್ಣೆಯನ್ನು ಕೂಡಲೇ ನಿಮ್ಮದರ ಜೊತೆ ಸೇರಿಸಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ವಾರ ಬೇರೆ ಇಟ್ಟು ನೋಡಿ. ನುಸಿಯ ಮೊಟ್ಟೆ ಇದ್ದರೆ ಇಡೀ ಪೆಟ್ಟಿಗೆ ಹಾಳು.

ಮನೆಯವರ ಮಾತಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅಂಗಡಿಯಲ್ಲಿ ಸಿಗುತ್ತದೆ ಅನ್ನುವುದು ನಿಜ. ಅವರಿಗೆ ಒಪ್ಪಿಸುವ ಹೊಣೆ ನಿಮ್ಮದಲ್ಲ. ಹಿಂಜಿದ ಉಣ್ಣೆಯ ವಿಷಯ ಕೇಳಲು ಬೇರೆ ಜನ ಇದ್ದಾಗ, ಮನೆಯವರ ಜೊತೆ ಬೇರೆ ವಿಷಯ ಮಾತಾಡಬಹುದು. ನಮ್ಮ ಮನೆಯಲ್ಲಿ ಹಾಗೇ ನಡೆದುಕೊಂಡು ಬಂದಿದೆ, ಎಲ್ಲರೂ ಸುಖವಾಗಿದ್ದೇವೆ.

ಕೊನೆಗೆ ಆ ಮೊದಲ ಲಡಿ. ಎಸೆಯಬೇಡಿ, ಖಂಡಿತ ಎಸೆಯಬೇಡಿ. ಕೈ ಪಳಗಿದ ಮೇಲೆ ಅಂಥ ದಪ್ಪ-ತೆಳು ನೂಲು ಬೇಕೆಂದರೂ ಬರುವುದಿಲ್ಲ. ಅದೇ ಥರದ್ದನ್ನು ಗಿರಣಿಗಳು ಬೇಕಂತಲೇ ತಯಾರಿಸಿ ಮಾರುತ್ತವೆ. ನಾನು ನನ್ನದನ್ನು ಎಸೆದೆ, ಇವತ್ತಿಗೂ ಬೇಜಾರಿದೆ. ಅರ್ಧವನ್ನು ಹಾಗೇ ಕಟ್ಟಿ, ತಾರೀಖು ಬರೆದ ಚೀಟಿ ಹಾಕಿಡಿ. ಉಳಿದರ್ಧವನ್ನು ದಪ್ಪ ಕಡ್ಡಿಯಲ್ಲಿ, ಎರಡೂ ಕಡೆ ಬರೀ ನಿಟ್, ಅಂದರೆ ಸಾದಾ ಕುಣಿಕೆ, ಹಾಕುತ್ತಾ ಅಂಗೈ ಅಗಲದ ಚೌಕ ಹೆಣೆಯಿರಿ. ಆ ಹೆಣಿಗೆಯ ಏರಿಳಿತದಲ್ಲಿ ಗಂಟುಗಳು ಅಡಗಿಬಿಡುತ್ತವೆ. ಅದರ ಫೋಟೊ ಹಾಕುವಾಗ ಕಿಟಕಿಯ ಬೆಳಕಲ್ಲಿ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಇಲ್ಲದಿದ್ದರೆ ಎಷ್ಟು ದಪ್ಪ ಅಂತ ಯಾರಿಗೂ ಗೊತ್ತಾಗುವುದಿಲ್ಲ.